ದುರ್ಬೀನ್ ಬಂದೂಕು

ಮೊನ್ನೆ ನೂಲಿನ ಡಬ್ಬಿ ಸ್ವಚ್ಛ ಮಾಡುವಾಗ ತಳದಲ್ಲಿ ಒಂದು ರಬ್ಬರ್ ಗುಂಡು ಸಿಕ್ಕಿತು. ಹಳೆಯ ಕಾಲದ ಕಂಪ್ಯೂಟರ್ ಮೌಸಿನ ಹೊಟ್ಟೆಯೊಳಗೆ ಇರುತ್ತಿದ್ದದ್ದು. ಮೂಸಿ ನೋಡಿದೆ. ಧೂಳು, ರಬ್ಬರು, ಅದರೊಳಗೆ ಎಲ್ಲೋ ಒಂಚೂರು ಊದಿನಕಡ್ಡಿ... ಕಾಕಾನ ಅಂಗಡಿಯದೇ ವಾಸನೆ.

ಬನಹಟ್ಟಿಯಲ್ಲಿ ನಮ್ಮ ಓಣಿಯ ತುದಿಗೆ ಅವರ ಕಂಪ್ಯೂಟರ್ ಅಂಗಡಿ ಇತ್ತು. ಊರೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತಿತ್ತು. ಬೀಳಗಿ ಕಡೆಯ ಮುಳುಗಡೆಯವರು. ಆಲಮಟ್ಟಿಯ ಹಿನ್ನೀರು ಊರಿಗೆ ನುಗ್ಗಿದ ಮೇಲೆ ಇತ್ತ ಬಂದು ನೆಲೆಸಿದ್ದರು. ಮೂರು ಕಂಪ್ಯೂಟರುಗಳಲ್ಲಿ ಎರಡು ಆಟಕ್ಕೆ, ಒಂದು ನನಗೆ. ಮಗ್ಗದವರಿಗೆ ಸೀರೆಯ ಅಂಚಿನ ನಮೂನೆ ಬರೆದುಕೊಡುವುದು ನನ್ನ ಕೆಲಸ. ದೆವ್ವ ಭೂತ ನಂಬುವವಳಲ್ಲ ನಾನು. ಅಂಚಿನಲ್ಲಿ ಒಂದು ಎಳೆ ತಪ್ಪಿದರೂ ಹಿಡಿಯುವ ಕಣ್ಣು ನನ್ನದು. ಇಲ್ಲದ್ದನ್ನು ಕಂಡೆ ಎನ್ನುವ ಚಾಳಿ ಅದಕ್ಕಿಲ್ಲ.

ಆ ಆಟ ಯಾವುದೋ ಬೇರೆ ಗ್ರಹದ್ದು. ಆಕಾಶದಲ್ಲಿ ಎರಡು ಚಂದ್ರ, ಕೆಳಗೆ ನೀರಲ್ಲಿ ಮುಳುಗಿದ ಪಟ್ಟಣ. ಹುಡುಗರು ಧಡಧಡ ಗುಂಡು ಹಾರಿಸಿ ಓಡಾಡುತ್ತಿದ್ದರು. ಕಾಕಾ ಮಾತ್ರ ಒಂದೇ ಬಂದೂಕು ಹಿಡಿಯುತ್ತಿದ್ದರು. ಉದ್ದ ನಳಿಗೆ, ಮೇಲೆ ಹಸಿರು ಗಾಜಿನ ದುರ್ಬೀನು. ಕಣ್ಣಿಟ್ಟರೆ ಆಚೆ ದಂಡೆ ಮೂಗಿನ ತುದಿಗೆ ಬರುತ್ತಿತ್ತು. ಎದುರಿಗಿರುವುದು ಎಷ್ಟು ಮೀಟರ್ ದೂರ ಎಂದು ಮೂಲೆಯಲ್ಲಿ ಅಂಕಿ ಹೊಳೆಯುತ್ತಿತ್ತು. ಗುರಿ ಅಲುಗದಂತೆ ಒಂದು ಗುಂಡಿ ಒತ್ತಿದರೆ ಆಟದ ಸಿಪಾಯಿ ಉಸಿರು ಹಿಡಿಯುತ್ತಿದ್ದ. ಕಾಕಾ ತಾವೂ ಹಿಡಿಯುತ್ತಿದ್ದರು. ಒಂದು ದಿನವೂ ಗುಂಡು ಹಾರಿಸಲಿಲ್ಲ.

ಯಾಕೆ ಎಂದು ಕೇಳಿದ್ದಕ್ಕೆ ಒಮ್ಮೆ ಹೇಳಿದರು. ಊರು ಬಿಟ್ಟು ಬಂದ ಮೇಲೆ ಅವರ ತಮ್ಮ, ಮನೆಯ ಬಾಗಿಲ ಚೌಕಟ್ಟು ಬಿಟ್ಟು ಬಂದೆವಲ್ಲ ಎಂದು ತೆಪ್ಪ ಹಾಕಿಕೊಂಡು ಹೋದ. ಮರಳಿ ಬರಲಿಲ್ಲ. ಹೆಣವೂ ಸಿಗಲಿಲ್ಲ.

"ಅವಂಗ ಮಣ್ಣ ಕೊಟ್ಟಿಲ್ಲವಾ. ಮಣ್ಣ ಕೊಡದ ಹೆಂಗ ಸತ್ತಾನ ಅನ್ನೂದು?"

ತಮ್ಮನ ಹೆಂಡತಿ ಕಾಕಾನ ಮನೆಯಲ್ಲೇ ಇದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ದಿನಾ ಮಧ್ಯಾಹ್ನ ಅಂಗಡಿಗೆ ಬುತ್ತಿ ತರುತ್ತಿದ್ದಳು. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ.

ಕರೆಂಟು ಹೋದಾಗ ನಮ್ಮ ಊರು ಬೇರೆಯೇ ಊರಾಗುತ್ತಿತ್ತು. ಓಣಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತು, ಕಿವಿಯೊಳಗೆ ನೀರು ಹೊಕ್ಕಂತೆ ಆಗುತ್ತಿತ್ತು. ಯುಪಿಎಸ್ ಮೇಲೆ ಕಾಕಾನ ಕಂಪ್ಯೂಟರೊಂದೇ ಉರಿಯುತ್ತಿತ್ತು. ಆ ಹೊತ್ತಿಗೆ ಮಾತ್ರ ಆಚೆ ದಂಡೆಯಲ್ಲಿ ಒಬ್ಬ ಕಾಣುತ್ತಿದ್ದ. ಆಟದ ವೈರಿಗಳು ಓಡುತ್ತಾರೆ, ಅಡಗುತ್ತಾರೆ. ಇವನು ಸುಮ್ಮನೆ ನಡೆದು ಬರುತ್ತಿದ್ದ, ತಲೆಯ ಮೇಲೆ ಚೌಕಾಕಾರದ್ದು ಏನೋ ಹೊತ್ತುಕೊಂಡು. ಮೊದಲ ದಿನ ಆರುನೂರಾ ನಲವತ್ತು ಮೀಟರ್. ಹುಡುಗರು ಮಾನಿಟರ್ ಕೆಟ್ಟಿದೆ ಎಂದು ನಕ್ಕರು. ನಾನೂ ನಕ್ಕೆ. ಆದರೆ ಅಂಕಿ ದಿನಕ್ಕಿಷ್ಟು ಇಳಿಯುತ್ತಿತ್ತು... ಐನೂರು, ಮುನ್ನೂರು, ತೊಂಬತ್ತು. ಎಣಿಸುವ ಚಟದವಳು ನಾನು, ತಪ್ಪಲಾರೆ.

ಒಂದು ಬೇಸಿಗೆ ಮಧ್ಯಾಹ್ನ ಮಗ್ಗ ನಿಂತವು. ಅಂಕಿ ಮೂವತ್ತಕ್ಕೆ ಇಳಿದಿತ್ತು. ಕಾಕಾ ದಡಬಡಿಸಿ ಎದ್ದು ನನ್ನ ಕೈಯನ್ನು ಮೌಸಿನ ಮೇಲೆ ಇಟ್ಟರು.

"ಹಿಂಗ ಹಿಡಕೊಂಡಿರವಾ ತಂಗಿ. ಅಂವ ಕಾಣೂ ಹೊತ್ತಿನ್ಯಾಗ ಕೈ ಬಿಟ್ಟರ ಮತ್ತ ಮೊದಲಿಂದ ಬರಬೇಕಾಕ್ಕೈತಿ. ಅಕಿನ್ನ ಕರಕೊಂಡ ಬರ್ತೇನಿ. ಗುಂಡ ಮಾತ್ರ ಹೊಡಿಬ್ಯಾಡ."

ಮನೆ ಹಿಂದಿನ ಓಣಿಯಲ್ಲೇ. ಅವರು ಓಡಿದರು. ನಾನು ದುರ್ಬೀನಿನಲ್ಲಿ ಕಣ್ಣಿಟ್ಟು ಕೂತೆ. ಯುಪಿಎಸ್ ಕುಂಯ್ ಕುಂಯ್ ಎನ್ನತೊಡಗಿತು. ಇಪ್ಪತ್ತು. ಹದಿನೈದು. ತಲೆಯ ಮೇಲಿದ್ದದ್ದು ಬಾಗಿಲ ಚೌಕಟ್ಟು. ಅದರ ಕೆಳಗಿನ ಪಟ್ಟಿಗೆ ಬಳಿದ ಅರಿಷಿಣ ಕೂಡ ಕಂಡಿತು. ನೀರು ತೊಟ್ಟಿಕ್ಕುತ್ತಿತ್ತು. ಹನ್ನೊಂದಕ್ಕೆ ಅವನು ನಿಂತ. ಚೌಕಟ್ಟಿನ ಕೆಳಗಿಂದ ಮೆಲ್ಲಗೆ ಮುಖ ಎತ್ತತೊಡಗಿದ.

ನನ್ನಿಂದ ಆಗಲಿಲ್ಲ. ಬೆರಳು ಒತ್ತಿಬಿಟ್ಟಿತು.

ಆ ಬಂದೂಕಿನ ಸದ್ದನ್ನು ಅಂದೇ ಮೊದಲು ಕೇಳಿದ್ದು. ದಂಡೆ ಖಾಲಿಯಾಯಿತು, ಅಂಕಿ ಅಳಿಸಿಹೋಯಿತು. ಬಾಗಿಲಲ್ಲಿ ಹೆಜ್ಜೆ ಕೇಳುವ ಹೊತ್ತಿಗೆ ಯುಪಿಎಸ್ಸೂ ಕೈಕೊಟ್ಟು ಪರದೆ ಕಪ್ಪಾಯಿತು. ಅಕ್ಕ ಆ ಕಪ್ಪನ್ನೇ ನೋಡುತ್ತ ನಿಂತಳು. ಹಿಟ್ಟು ಮೆತ್ತಿದ ಕೈ. ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು.

"ಹೊಡದಿ?" ಎಂದರು ಕಾಕಾ.

ಕೈ ಜಾರಿತು ಎಂದೆ. ಸುಳ್ಳು. ಅವರು ಬೈಯಲಿಲ್ಲ. ಮೌಸನ್ನು ಬೋರಲು ಹಾಕಿ, ಒಳಗಿನ ಗುಂಡು ತೆಗೆದು ನನ್ನ ಅಂಗೈಗೆ ಹಾಕಿ, "ಆತು ಬಿಡು" ಎಂದರು.

ಮರುದಿನ ಅಂಗಡಿಯ ಕದಕ್ಕೆ ಒಂದು ಚೀಟಿ ಅಂಟಿತ್ತು: 'ಮಣ್ಣಿಗೆ ಹೋಗಿದ್ದೇವೆ. ಅಂಗಡಿ ಬಂದ್.' ಯಾರು ತೀರಿಕೊಂಡರು ಎಂದು ಓಣಿಯವರು ನನ್ನನ್ನೇ ಕೇಳಿದರು. ಹಿನ್ನೀರು ಇಳಿದಿದ್ದ ಹಳೆಯ ಊರಿನ ದಂಡೆಯಲ್ಲಿ, ತಮ್ಮನ ಒಂದು ಅಂಗಿಗೆ ಮಣ್ಣು ಕೊಟ್ಟು ಬಂದರಂತೆ.

ಮುಂದಿನ ವಾರ ಅಕ್ಕ ಬುತ್ತಿ ತಂದಳು. ಹಣೆ ಬರಿದು, ಕೈ ಬರಿದು. ಕಾಕಾ ಕೈ ತೊಳೆಯಲು ಹಿಂದೆ ಹೋದಾಗ ನನ್ನ ಹತ್ತಿರ ಬಂದು ನಿಂತಳು.

"ಎಷ್ಟ ದೂರ ಇದ್ರವಾ ಅವ್ರು?"

"ಭಾಳ ದೂರ ರೀ ಅಕ್ಕಾ... ಮುಖಾನೂ ಕಾಣಲಿಲ್ಲ."

ಅವಳು ತಲೆಯಾಡಿಸಿದಳು. ಎಷ್ಟೋ ಹೊತ್ತು ಆಡಿಸುತ್ತಲೇ ಇದ್ದಳು.

ಕಾಕಾನ ಮಣ್ಣಿಗೆ ಹೋಗಿ ಬಂದು ವರ್ಷವಾಯಿತು. ಅವರಿಗಿಂತ ಮೊದಲೇ ಅಕ್ಕ ಹೋದಳು. ನಾನು ಯಾರಿಗೆ ನಿಜ ಹೇಳಬೇಕಿತ್ತೋ ಅವರು ಯಾರೂ ಉಳಿದಿಲ್ಲ, ಅದೇ ನನ್ನನ್ನು ತಿನ್ನುವುದು. ಈಗಲೂ ಕರೆಂಟು ಹೋಗಿ ಮಗ್ಗ ನಿಂತರೆ ನನಗೆ ಅರಿವಿಲ್ಲದೆ ಉಸಿರು ಹಿಡಿಯುತ್ತೇನೆ. ಇವತ್ತೂ ಹೋಯಿತು. ಗುಂಡನ್ನು ಮುಷ್ಟಿಯಲ್ಲಿಟ್ಟುಕೊಂಡು ಹೊಸ್ತಿಲ ಕಡೆ ಮುಖ ಮಾಡಿ ಗಟ್ಟಿಯಾಗಿ ಹೇಳಿದೆ:

"ಹನ್ನೊಂದ ಮೀಟರ್ ರೀ ಅಕ್ಕಾ. ಬಂದ ಬಿಟ್ಟಿದ್ರು."