ದೀಪ ಹಚ್ಚುವುದರೊಳಗೆ ಮನೆ ಸೇರುವ ಹುಡುಗಿ

"ದೀಪಾ ಹಚ್ಚೂದ್ರೊಳಗ ಮನ್ಯಾಗಿರತಾಳ." ನಮ್ಮ ಮನೆತನದಲ್ಲಿ ಹೆಣ್ಣಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ವಿಜಯಪುರದ ನನ್ನ ಅಜ್ಜಿ, ಅಂದರೆ ಅವ್ವನ ತಾಯಿ, ಬದುಕಿಡೀ ಅದನ್ನು ಕೇಳಿಸಿಕೊಂಡಳು. ಸಂಜೆಯಾದ ಮೇಲೆ ಆಕೆ ಹೊಸ್ತಿಲು ದಾಟಿದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಮನೆಯೊಳಗೆ ಗೋಡೆ ಸವರಿಕೊಂಡು ನಡೆಯುತ್ತಿದ್ದುದನ್ನು ನಾನು ಕಂಡಿದ್ದೆ. ವಯಸ್ಸಾಯಿತು ಅಂದುಕೊಂಡಿದ್ದೆ, ಅಷ್ಟೇ.

ಆ ಹೊಗಳಿಕೆ ಮುಂದೆ ನನ್ನ ಮಗಳ ಪಾಲಿಗೂ ಬಂತು. ಮುಂಬಯಿಯ ಸಯನ್‌ನ ನಮ್ಮ ಬಿಲ್ಡಿಂಗಿನ ಉಳಿದ ಹುಡುಗಿಯರು ಕಾಲೇಜು ಮುಗಿಸಿ ಎಲ್ಲೆಲ್ಲೋ ಅಲೆದು ಬರುತ್ತಿದ್ದರೆ ಇವಳು ಬೆಳಕಿರುವಾಗಲೇ ಲೋಕಲ್ ಹಿಡಿದು ಮನೆಗೆ ಬರುತ್ತಿದ್ದಳು. ಸಿನಿಮಾಕ್ಕೆ ಕರೆದರೆ ಒಲ್ಲೆ ಅನ್ನುತ್ತಿದ್ದಳು. ಅದಕ್ಕೂ ನನಗೆ ಹೆಮ್ಮೆ! ಮೂರು ಮಹಡಿಗೆ ಕೇಳುವಂತೆ ಕೊಚ್ಚಿಕೊಂಡೆ. ಈ ಮುಂಬಯಿಯಲ್ಲಿ ಪೂರ್ತಿ ಕತ್ತಲೆ ಅಂತ ಎಲ್ಲಿದೆ ಹೇಳಿ, ಗೊತ್ತಾಗುವುದಕ್ಕೆ?

ಇಂಥ ಹುಡುಗಿಯನ್ನು ಹೊರಗಿನವರಿಗೆ ಕೊಡುವುದುಂಟೆ? ಅವ್ವ ನನ್ನನ್ನು ತನ್ನ ತಮ್ಮನಿಗೆ ಕೊಟ್ಟಿದ್ದಳು. ಹೀಗಾಗಿ ಆ ಅಜ್ಜಿಯೇ ನನಗೆ ಅತ್ತೆ. ನಾನು ನನ್ನ ಮಗಳನ್ನು ನನ್ನ ತಮ್ಮನಿಗೆ ಕೊಟ್ಟೆ. "ಇಷ್ಟು ಜಲ್ದಿ ಯಾಕ ಮಮ್ಮಿ?" ಅಂದಳು. ನಾನೇ ಹಟ ಹಿಡಿದು ಮಾಡಿಸಿದೆ.

ಅವಳು ಬಸುರಾಗಿ ಮೂರನೇ ತಿಂಗಳು. ಜೋಗೇಶ್ವರಿಯ ಅವರ ಚಾಳಿನಲ್ಲಿ ಮೆಟ್ಟಿಲ ಬಲ್ಬು ಹೋಗಿತ್ತು. ಜಾರಿ ಬಿದ್ದಳು. ದೇವರ ದಯೆ, ಹೊಟ್ಟೆಗೆ ಏನೂ ಆಗಲಿಲ್ಲ. "ನೋಡಿ ನಡ್ಯಾಕ ಬರೂದಿಲ್ಲೇನ ನಿನಗ?" ಎಂದು ನನ್ನ ತಮ್ಮ ಬೈದ.

"ನೋಡೇ ನಡೀತಿದ್ದೆ," ಅಂದಳು ಮಗಳು.

ಆ ಮಾತಿಗೆ ಗೋಡೆ ಸವರುವ ಅಜ್ಜಿಯ ಕೈ ಕಣ್ಣೆದುರು ಬಂತು.

ಕಣ್ಣಿನ ಡಾಕ್ಟರು ಧಾರವಾಡದ ಕಡೆಯ ಹೆಣ್ಣುಮಗಳು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಕಣ್ಣಿನ ಹಿಂದಿನ ಪರದೆಯಲ್ಲಿ ಬೆಳಕು ಹಿಡಿಯುವ ನರಕೋಶಗಳು ಎರಡು ಬಗೆ: ಒಂದು ಹಗಲಿಗೆ, ಬಣ್ಣಕ್ಕೆ, ಇನ್ನೊಂದು ಮಬ್ಬಿಗೆ. ಗರ್ಭದಲ್ಲಿ ಎಳೆಯ ಕೋಶಕ್ಕೆ ತಾನು ಏನಾಗಬೇಕೆಂದು ಗೊತ್ತಿರುವುದಿಲ್ಲ. ನೀನು ಮಬ್ಬಿನ ಕೋಶವಾಗು ಎಂದು ವಂಶವಾಹಿಗಳು ಅಪ್ಪಣೆ ಕೊಡಬೇಕು. ಆ ಅಪ್ಪಣೆಗೆ ಬೇಕಾದ ಒಂದು ವಂಶವಾಹಿ ನನ್ನ ಮಗಳಲ್ಲಿ ಕೆಟ್ಟಿದೆ. ನನ್ನಿಂದ ಬಂದ ಪ್ರತಿಯೂ, ಅವಳಪ್ಪನಿಂದ ಬಂದ ಪ್ರತಿಯೂ. ಒಂದೇ ಕೆಟ್ಟಿದ್ದರೆ ನಮ್ಮಿಬ್ಬರ ಹಾಗೆ ಕಣ್ಣು ಚೆನ್ನಾಗಿಯೇ ಇರುತ್ತಿತ್ತು. ಮಬ್ಬಿಗೆ ಹೋಗಬೇಕಾಗಿದ್ದ ಕೋಶಗಳು ದಾರಿ ತಪ್ಪಿ ನೀಲಿ ಬಣ್ಣ ನೋಡುವ ಕೋಶಗಳಾಗಿಬಿಟ್ಟಿವೆ, ಅದಕ್ಕೇ ಅವಳಿಗೆ ಹುಟ್ಟಿನಿಂದಲೂ ಇರುಳುಗಣ್ಣು. ಮುಂದೆ ಹಗಲಿನ ನೋಟವೂ ಕುಗ್ಗಬಹುದು.

ಆಮೇಲೆ ಅವರು ಹಾಳೆಯ ಮೇಲೆ ನಮ್ಮ ಮನೆತನ ಬರೆಯತೊಡಗಿದರು. ಯಾರು ಯಾರನ್ನು ಮದುವೆಯಾದರು ಎಂದು ಕೇಳುತ್ತ ಕೇಳುತ್ತ ಪೆನ್ನು ನಿಂತಿತು. "ಅಕ್ಕಾರ, ಗೆರಿ ಹೊರಗ ಹೋಗವಲ್ದಲ್ರಿ," ಅಂದರು. "ಅಳಿಯಂದ್ರ ರಕ್ತ ನೋಡಬೇಕ್ರಿ. ಅವರೊಳಗೂ ಒಂದು ಕೆಟ್ಟ ಪ್ರತಿ ಇದ್ರ, ಕೂಸಿಗೂ ಹಿಂಗ ಆಗೂದು ಅರ್ಧಕ್ಕರ್ಧ."

"ಈ ಅಪ್ಪಣಿ ಯಾವಾಗ ಕೊಡತಾವ್ರಿ?"

"ಈಗ. ನಾಕನೇ ತಿಂಗಳಲ್ರಿ? ಶುರು ಆಗಿರತದ."

ಮಗಳ ಹೊಟ್ಟೆ ಇನ್ನೂ ಕಾಣುತ್ತಿರಲಿಲ್ಲ. ಟ್ಯಾಕ್ಸಿಯಲ್ಲಿ ನಾನು ಅದನ್ನೇ ನೋಡುತ್ತ ಕುಳಿತಿದ್ದೆ. ಒಳಗೆ ಏನೋ ನಡೆದೇ ಇದೆ, ನನ್ನನ್ನು ಯಾರೂ ಕೇಳುತ್ತಿಲ್ಲ. ನಾನೇ ಕೇಳಬೇಕಾಗಿದ್ದ ಹೊತ್ತಿನಲ್ಲಿ ಮೆರೆದಾಡುತ್ತಿದ್ದೆನಲ್ಲ!

ತಮ್ಮ ಎರಡು ತಿಂಗಳು ಸತಾಯಿಸಿದ. "ನನ್ನ ಕಣ್ಣ ಚಲೋ ಅದಾವ, ನನ್ನ ರಕ್ತ ಯಾಕ?" ಎಂದು ಸಿಡುಕಿದ. ಕೊನೆಗೆ ಮಗಳು ಅತ್ತ ಮೇಲೆ ಹೋಗಿ ಕೊಟ್ಟ.

ಏಳನೇ ತಿಂಗಳಲ್ಲಿ ನಮ್ಮ ಮನೆಯಲ್ಲೇ ಕುಬಸ ಇಟ್ಟುಕೊಂಡೆವು. ಹಸಿರು ಸೀರೆ, ಹಸಿರು ಬಳೆ, ಮಡಿಲು ತುಂಬಲು ಬಂದ ಹೆಂಗಸರು. ಮಾತಿನಲ್ಲಿ ಹೊತ್ತು ಇಳಿದದ್ದು ಯಾರಿಗೂ ತಿಳಿದಿರಲಿಲ್ಲ. ಅಡಿಗೆಮನೆಯಲ್ಲಿ ಹೋಳಿಗೆಯ ಎಣ್ಣೆಗೈಯಲ್ಲೇ ಫೋನ್ ಎತ್ತಿದೆ. ತಮ್ಮ.

"ಅಕ್ಕಾ... ನನ್ನೊಳಗೂ ಐತಂತ."

ಮುಂದೆ ಅವನು ಏನೆಂದನೋ ಕೇಳಲಿಲ್ಲ. ಕೈ ಒರೆಸಿಕೊಂಡು ಹೊರಗೆ ಬಂದೆ. ನಮ್ಮ ಹಿರಿಯ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ನನ್ನ ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕುತ್ತ ಹರಸುತ್ತಿದ್ದಳು:

"ಹೆಣ್ಣಾದ್ರ ನಿನ್ನಂಥಾದ ಆಗಲಿ ನನ್ನವ್ವಾ. ದೀಪಾ ಹಚ್ಚೂದ್ರೊಳಗ ಮನ್ಯಾಗ ಇರೂವಂಥಾದ್ದು."

"ಬ್ಯಾಡಾ!" ಎಂದು ಒದರಿದೆ.

ಎಲ್ಲರೂ ಬೆಪ್ಪಾಗಿ ನನ್ನತ್ತ ತಿರುಗಿದರು. ಟ್ಯೂಬ್‌ಲೈಟ್ ಇನ್ನೂ ಹಾಕಿರಲಿಲ್ಲ. ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಾನಿಲ್ಲದ ಕಿಟಕಿಯ ಕಡೆ ಮುಖಮಾಡಿ ಕೇಳಿದಳು:

"ಮಮ್ಮಿ, ರಿಪೋರ್ಟ್ ಬಂತಾ?"