ಶುಗರ್ ಯಾರ ಕಡೆಯದು?

ಸ್ನೇಹಿತರೇ, ಇಂದು ಮಾನಂದವಾಡಿಯ ಡಾಕ್ಟರ್ ನನ್ನ ಹತ್ತು ವರ್ಷದ ಮಗಳ ಸ್ಕ್ಯಾನಿಂಗ್ ರಿಪೋರ್ಟ್ ನೋಡಿ, ಲಿವರಿನಲ್ಲಿ ಕೊಬ್ಬು ಸೇರಿದೆ ಎಂದರು.

ಜೊತೆಗೆ ಬಂದಿದ್ದ ಅತ್ತೆ ನನ್ನತ್ತ ತಿರುಗಿ, "ಕಾಟ್ಟಿಕುಳಂ ಬೇಕರಿ ಪಫ್ಸು ತಿನ್ಸಿ ನೀನೇ ಕೆಡಿಸ್ದೆ" ಎಂದರು. ನನಗೆ ಅಳು ಬಂತು.

ಡಾಕ್ಟರ್ ಮಲಯಾಳಂನಲ್ಲಿ ಸಮಾಧಾನ ಹೇಳಿದರು: ತಿಂಡಿಯೊಂದೇ ಕಾರಣವಲ್ಲ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದರೂ ಲಿವರಿನಲ್ಲಿ ಕೊಬ್ಬು ಸೇರುತ್ತದೆ, ಅದು ವಂಶದಿಂದಲೂ ಬರಬಹುದು. ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯೇ ಎಂದೂ ಕೇಳಿದರು.

"ಅಜ್ಜಿಗುಂಟು" ಎಂದು ಮಗಳು ಅತ್ತೆಯತ್ತ ಬೆರಳು ತೋರಿಸಿದಳು.

ಅತ್ತೆ ಬಿಡಲಿಲ್ಲ. "ಅದು ನಮ್ಮ ಕಡೇದಲ್ಲ ಡಾಕ್ಟರೇ. ಮದುವೆಯಾಗಿ ಬಂದ್ಮೇಲೆ ನನ್ನತ್ತೆಯಿಂದ ಬಂದದ್ದು!"

ಡಾಕ್ಟರ್ ನಗು ತಡೆದುಕೊಂಡು, ದಿನಾ ಆಡಿ ಓಡಾಡಿದರೆ, ಸಿಹಿ ಕಡಿಮೆ ಮಾಡಿದರೆ ಮಗಳು ಸುಧಾರಿಸುತ್ತಾಳೆ ಎಂದರು. ಮನಸ್ಸು ಹಗುರವಾಯಿತು.

ಆದರೆ ಶುಗರ್ ಅತ್ತೆಯಿಂದ ಸೊಸೆಗೆ ಬರುವುದಾದರೆ, ನಾನೂ ನಾಳೆಯೇ ರಕ್ತ ಪರೀಕ್ಷೆ ಮಾಡಿಸಬೇಕಲ್ಲ!