ಪ್ಲಮ್ ತೋಟದಲ್ಲಿ ಹಾವ್ರಿಲೊನ ಮಣ್ಣು

ಸರ್ಕಾರ ರುಸಿನರೆಂಬ ಸಣ್ಣ ಸ್ಲಾವ್ ಜನಾಂಗದ, ರೋಮಿನ ಪೋಪನಿಗೆ ನಿಷ್ಠವಾದ ಗ್ರೀಕ್ ಕ್ಯಾಥೊಲಿಕ್ ಚರ್ಚನ್ನು ರದ್ದು ಮಾಡಿ, ಪಾದ್ರಿಯನ್ನು ಜೈಲಿಗೆ ತಳ್ಳಿ, ಪೋಪನನ್ನು ಒಪ್ಪದ ಆರ್ಥೊಡಾಕ್ಸ್ ಪಾದ್ರಿಯೊಬ್ಬನನ್ನು ತಂದು ಕೂರಿಸಿದ ವರ್ಷವೇ ತೆಕ್ಲಾಳ ಗಂಡ ಹಾವ್ರಿಲೊ ತೀರಿಕೊಂಡ. ಹೊಸಬ ಬಂದ ಮೇಲೆ ಗಂಡ ಹೆಂಡತಿ ಚರ್ಚಿನ ಹೊಸ್ತಿಲು ತುಳಿದಿರಲಿಲ್ಲ. ಅದಕ್ಕೇ ಹೊಸ ಪಾದ್ರಿಯನ್ನು ಒಪ್ಪಿಕೊಂಡ ಅರ್ಧ ಊರು ಅವರೊಡನೆ ಮಾತು ಬಿಟ್ಟಿತ್ತು.

ಹೆಣದ ಗಾಡಿ ಸ್ಮಶಾನಕ್ಕೆ ಬಂದಾಗ ಗೇಟಿಗೆ ಅಡ್ಡ ನಿಂತವನು ಹಾವ್ರಿಲೊನ ಸ್ವಂತ ತಮ್ಮ ಸೆಮಾನ್.

“ನಮ್ಮ ಹೊಸ ಪಾದ್ರಿ ಬರದೆ ಹೆಣ ಒಳಗೆ ಹೋಗಲ್ಲ ಅತ್ತಿಗೆ. ಅದೇ ಪ್ರಾರ್ಥನೆ, ಅದೇ ಹಳೇ ಸ್ಲಾವ್ ಭಾಷೆ. ನಿಂಗೇನು ಕಷ್ಟ?”

“ಅದೇ ಆಗಿದ್ರೆ ನಮ್ಮ ಪಾದ್ರೀನ ಯಾಕೋ ಜೈಲಿಗೆ ಹಾಕಿದ್ರು?”

“ರೋಮಿಂದ ಪೋಪ್ ಬರ್ತಾನಾ ನಿನ್ ಗಂಡನಿಗೆ ಮಣ್ಣು ಹಾಕೋಕೆ?”

“ನೀನು ಹುಟ್ಟಿದ್ದು ರುಸಿನನಾಗಿ. ಸರ್ಕಾರ ಹೇಳ್ತು ಅಂತ ಉಕ್ರೇನಿಯನ್ ಅಂತ ಬರೆಸ್ಕೊಂಡೆ, ಚರ್ಚನ್ನೂ ಬದಲಾಯಿಸ್ದೆ. ನಾಳೆ ಯಾರು ನೀನು? ಅದನ್ನೂ ಅವರನ್ನೇ ಕೇಳ್ಬೇಕಾ?”

ಸೆಮಾನ್ ಅವಳ ಕಾಲ ಬಳಿ ಉಗಿದ. ಗೇಟು ಬಿಡಲಿಲ್ಲ.

ತೆಕ್ಲಾ ಗಾಡಿ ತಿರುಗಿಸಿ, ಮನೆಯ ಹಿಂದಿನ ಪ್ಲಮ್ ಮರಗಳ ನಡುವೆ ಗುಂಡಿ ತೋಡಿಸಿದಳು. ಶವಸಂಸ್ಕಾರದ ಹಾಡನ್ನು ತಾನೇ ಎತ್ತಿಕೊಂಡಳು. ದನಿ ಒಡೆದಾಗಲೆಲ್ಲ ಗುಂಡಿ ತೋಡಿದ ಗಂಡಸರು ಮುಂದುವರಿಸಿದರು. ಬೇಲಿಯಾಚೆ ನಿಂತಿದ್ದ ಸೆಮಾನ್ ಟೋಪಿ ತೆಗೆದ. ಎಷ್ಟಾದರೂ ಅಣ್ಣನಲ್ಲವೇ. ತೆಕ್ಲಾ ಹಾಡು ನಿಲ್ಲಿಸಿ, ಗುಂಡಿಗೆ ಹಾಕಬೇಕಿದ್ದ ಹಿಡಿ ಮಣ್ಣನ್ನು ಅವನ ಮುಖಕ್ಕೆ ಎಸೆದಳು.

“ಟೋಪಿ ಹಾಕ್ಕೊಂಡು ನಡಿ ಇಲ್ಲಿಂದ!”

ವರ್ಷಗಳ ಮೇಲೆ ಸರ್ಕಾರ ಮೆತ್ತಗಾಗಿ, ಚರ್ಚು ಹಳಬರ ಕೈಗೆ ಮರಳಿತು. ಹಾವ್ರಿಲೊನನ್ನು ಈಗ ಸ್ಮಶಾನಕ್ಕೆ ಸಾಗಿಸಬಹುದೆಂದು ಅವರ ಪಾದ್ರಿ ಬಂದು ಹೇಳಿದರು.

“ಸೆಮಾನ್‌ನ ಹೂತಿರೋದು ಅಲ್ಲೇ ತಾನೇ?” ಎಂದಳು ಮುದುಕಿ ತೆಕ್ಲಾ. “ನನ್ ಗಂಡ ಇಲ್ಲೇ ಇರ್ಲಿ. ನನ್ನನ್ನೂ ಇಲ್ಲೇ ಹಾಕಿ.”